ಕಡಜ ಎಡಕ್ಕೆ ತಿರುಗುತ್ತಿತ್ತು

ಕೈಲ್ ಮುಹೂರ್ತದ ಬೆಳಿಗ್ಗೆ ನಮ್ಮ ಅವ್ವ ಅಣ್ಣನ ರೋಬೋಟ್ ಕಡಜವನ್ನು ತೊಳೆದುಬಿಟ್ಟಳು. ಕೋವಿ, ಕತ್ತಿ, ಗುದ್ದಲಿ ಎಲ್ಲವನ್ನೂ ತೊಳೆದು ಗಂಧ ಹಚ್ಚಿ ಪೂಜೆಗಿಡುವ ಹಬ್ಬ ಅದು. ಆಯುಧವನ್ನು ಕೊಳೆಯಾಗಿಯೇ ಪೂಜೆಗಿಟ್ಟ ಹೆಂಗಸು ನಮ್ಮೂರು ಗಾಳಿಬೀಡಿನಲ್ಲಿ ಇನ್ನೂ ಹುಟ್ಟಿಲ್ಲ. ಇನ್ನೊಂದು ಯಂತ್ರವನ್ನು ಕುಟ್ಟಿ ಬೀಳಿಸಲೆಂದೇ ಮಾಡಿದ, ಅರ್ಧ ಕಿಲೋ ಕೂಡ ತೂಗದ ಕಡಜ ಆಯುಧವಲ್ಲದೆ ಇನ್ನೇನು? ಅಪ್ಪನ ಕೋವಿಯ ಪಕ್ಕ ಅದಕ್ಕೂ ಜಾಗ ಮಾಡಿದ್ದಳು. ಹಿಂದಿನ ಸಂಜೆ ಓಡಿಸಿದವಳು ಬ್ಯಾಟರಿ ತೆಗೆದಿರಲಿಲ್ಲ. ನಾನು ಕೈಗೆತ್ತಿಕೊಂಡಾಗ ಗಂಧದ ಜೊತೆ ಸುಟ್ಟ ವಾಸನೆಯೂ ಬಂತು.

ಅಣ್ಣ ದೀಕ್ಷಿತ್ ಕಳೆದ ಮಳೆಗಾಲದಲ್ಲಿ ಇಲಿಜ್ವರ ಬಂದು ತೀರಿಹೋದ. ಆಮೇಲೆ ಅವ್ವ ದಿನಾ ಸಂಜೆ ಮೆಟ್ಟಿಲ ಮೇಲೆ ನಿಂತು, ಕಾಫಿ ಒಣಗಿಸುವ ಕಣದಲ್ಲಿ ಕಡಜವನ್ನು ಓಡಿಸತೊಡಗಿದಳು. ಮಿಕ್ಸಿ ಹಾಕಲು ಹೆದರುವ ನಮ್ಮ ಅವ್ವ! ಯಾರೊಡನೆಯೂ ಮಾತು ಬೇಡವಾಗಿದ್ದವಳು ಆಗ ಮಾತ್ರ ಬಾಯಿ ಬಿಡುತ್ತಿದ್ದಳು, ಅದೂ ರೋಬೋಟಿನ ಜೊತೆ. "ಸಾಕ್ ಮಗ, ಬಾ ಇತ್ಲಾಗಿ."

ಸುಟ್ಟದ್ದು ಸ್ಪೀಡ್ ಕಂಟ್ರೋಲರುಗಳು. ಬೆರಳು ಒತ್ತಿದಷ್ಟೇ ವೇಗವನ್ನು ಮೋಟಾರಿಗೆ ಅಳೆದು ಕೊಡುವ ಪುಟ್ಟ ಹಲಗೆಗಳು, ಚಕ್ರಕ್ಕೊಂದು. ಅಣ್ಣ ಕೂತು ಹೊಂದಿಸಿದ್ದೆಲ್ಲ ಅವುಗಳೊಳಗೇ ಇತ್ತು. ಅವ್ವನಿಗೆ ಗೊತ್ತಾದರೆ ಮಗನನ್ನು ಈ ಸಲ ತಾನೇ ಕಳೆದೆ ಎಂದುಕೊಳ್ಳುತ್ತಾಳೆ. ಅದಕ್ಕೇ ಅವಳಿಗೆ "ಬ್ಯಾಟರಿ ಹಾಳಾಗುಟು, ಹೊಸದ್ ತರ್ಸೊಕು" ಎಂದೆ.

ಅಣ್ಣನ ಜೊತೆ ರೋಬೋಟ್ ಪಂದ್ಯಗಳಿಗೆ ಹೋಗುತ್ತಿದ್ದ ಮಡಿಕೇರಿಯ ಪ್ರವೀಣನಿಗೆ ಫೋನ್ ಮಾಡಿ ಎರಡು ಕಂಟ್ರೋಲರ್ ಬೇಕೆಂದೆ.

"ಎರಡು ಯಾಕೆ? ಎರಡೂ ಚಕ್ರಕ್ಕೆ ಸೇರಿ ಒಂದೇ ಬರ್ತದೆ, ತೂಕ ಉಳೀತದೆ. ಬ್ರೇಕ್ ಇರೋದೇ ತಗೊ. ಕೈಬಿಟ್ಟ ಕೂಡ್ಲೆ ನಿಲ್ತದೆ."

"ನಿಲ್ಲಬಾರದು."

"ಎಂಥ ಮಾರಾಯ್ತಿ! ಫೈಟಿಗೆ ತಾನೆ?"

ಫೈಟಿಗಲ್ಲ, ಅವ್ವನ ಹೆಬ್ಬೆರಳಿಗೆ. ಎಷ್ಟು ಕರೆಂಟ್ ತಾಳುತ್ತದೆ, ಎಷ್ಟು ಗ್ರಾಂ ತೂಗುತ್ತದೆ ಎಂಬುದನ್ನು ಎಲ್ಲರೂ ಬರೆದಿರುತ್ತಾರೆ. ತಾಯಿಗೆ ತಿಳಿಯದಂತೆ ಓಡುವುದು ಯಾವುದೆಂದು ಯಾವ ಪುಣ್ಯಾತ್ಮನೂ ಬರೆಯುವುದಿಲ್ಲ. ಅಣ್ಣ ಪೂರ್ತಿ ಬ್ರೇಕ್ ಇಟ್ಟಿರಲಿಲ್ಲ. ಕೈಬಿಟ್ಟ ಮೇಲೂ ಕಡಜ ಒಂದಿಷ್ಟು ದೂರ ಉರುಳಿ ಹೋಗಿಯೇ ನಿಲ್ಲುತ್ತಿತ್ತು. ಈ ವಿಷಯದಲ್ಲಿ ನಾನೂ ಅವನೂ ಹಾವು ಮುಂಗುಸಿ. "ಹೇಳ್ದ ಕೂಡ್ಲೆ ನಿಲ್ಲಿಕೆ ಅದೇನ್ ನಿನ್ನ ನಾಯಿಯಾ?" ಎಂದು ನಗುತ್ತಿದ್ದ.

ಕೊನೆಗೆ ಬ್ರೇಕನ್ನು ಬೇಕಾದಷ್ಟೇ ಇಡಬಹುದಾದ ಬಿಡಿ ಕಂಟ್ರೋಲರುಗಳನ್ನೇ ಆರಿಸಿದೆ. ಅವು ಹಳೆಯವಕ್ಕಿಂತ ಭಾರ; ತೂಕದ ಮಿತಿ ಮೀರಿ ಕಡಜ ಇನ್ನು ಪಂದ್ಯಕ್ಕೆ ಸೇರುವಂತಿರಲಿಲ್ಲ. ಪಂದ್ಯ ಹಾಳಾಗಿ ಹೋಗಲಿ. ಪಾರ್ಸೆಲ್ ಬಂದ ಮಧ್ಯಾಹ್ನ, ಅವ್ವ ಹುಲ್ಲಿಗೆ ಹೋಗಿದ್ದಾಗ, ಬೆಸುಗೆ ಹಾಕಿ ಕಣದಲ್ಲಿ ಮತ್ತೆ ಮತ್ತೆ ಓಡಿಸಿ ಉರುಳುವ ದೂರವನ್ನು ಹೊಂದಿಸಿದೆ. ಥೇಟ್ ಅಣ್ಣನ ಓಟ. ಖುಷಿಗೋ ದುಃಖಕ್ಕೋ, ಕಣ್ಣು ತುಂಬಿಕೊಂಡಿತು.

ಸಂಜೆ ಅವ್ವ ಮೆಟ್ಟಿಲ ಮೇಲೆ ನಿಂತು ರಿಮೋಟ್ ಹಿಡಿದಳು. ಕಡಜ ಕಣದುದ್ದಕ್ಕೂ ಓಡಿತು. ಬೆರಳು ತೆಗೆದಳು. ಅದು ಉರುಳಿ ಉರುಳಿ ನಿಂತಿತು. ಸರಿಯಾಯಿತೆಂದುಕೊಂಡೆ.

ಅವ್ವ ಇನ್ನೂ ಕಾಯುತ್ತಿದ್ದಳು.

"ನಿಲ್ಲುವಾಗ ಎಡಕ್ಕೆ ತಿರ್ಗ್ತಿತ್ತ್" ಎಂದಳು. "ನನ್ನ ಕಡೆ ಮುಖ ಮಾಡಿ ನಿಲ್ತಿತ್ತ್."

ಹೌದು. ಎಡ ಚಕ್ರ ಚೂರು ಮೊದಲೇ ನಿಲ್ಲುವಂತೆ ಅವನು ಇಟ್ಟಿದ್ದ. ಅದು ದೋಷವೆಂದು ನಾನು ತಿಳಿದಿದ್ದೆ. ಸೊಟ್ಟಗಿರುವುದನ್ನು ಕಂಡರೆ ನನಗೆ ಆಗದು. ಕೈಗೆ ಸಿಕ್ಕಿದ್ದೇ ತಡ, ಎರಡನ್ನೂ ಸಮ ಮಾಡಿಬಿಟ್ಟಿದ್ದೆ. ಅಣ್ಣ ಓಡಿಸುವಾಗ ಅವ್ವ ನಿಂತು ನೋಡುತ್ತಿದ್ದ ಮೆಟ್ಟಿಲು ಕಣದ ಎಡಗಡೆ ಇದೆಯೆಂಬುದು ನನಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ.

"ನಾ ತೊಳ್ದದ್ಕೆ ಅಲಾ?"

"ಇಲ್ಲೆ ಅವ್ವ, ಬ್ಯಾಟರಿ..."

ಅವಳು ನನ್ನ ಮುಖ ನೋಡಿದಳು.

ಕಡಜವನ್ನು ಎತ್ತಿಕೊಂಡು ಬಂದು ಎಡ ಚಕ್ರಕ್ಕೆ ಚೂರು ಬ್ರೇಕ್ ಕೊಟ್ಟೆ. ಅವ್ವ ಓಡಿಸಿದಳು.

"ಇಷ್ಟಾ?"

"ಅಲ್ಲ. ಇನ್ನೊಂಚೂರು."

ಕೊಟ್ಟೆ. "ಈಗ ಜಾಸ್ತಿ ಆತ್" ಎಂದಳು. ಮತ್ತೆ ತಿದ್ದಿದೆ. ನನಗೆ ಇದೇ ಸರಿ ಎನಿಸಿತು, ಅವ್ವ ಅಲ್ಲವೆಂದು ತಲೆಯಾಡಿಸಿದಳು. ಇನ್ನೊಮ್ಮೆ ತಿದ್ದಿದಾಗ ಅವ್ವ ಇದೇ ಎಂದಳು, ನನಗೆ ಅಲ್ಲವೆನಿಸಿತು. ಯಾವುದು ಸರಿ ಎಂದು ಹೇಳಬಲ್ಲವನು ಒಬ್ಬನೇ ಇದ್ದ.

ಕಣದ ಮೇಲೆ ಮಂಜು ಇಳಿಯತೊಡಗಿತು. ಅವ್ವ ರಿಮೋಟನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು.

"ಇರ್ಲಿ ಬಿಡ್ ಕವನಾ. ಎಷ್ಟ್ ತಿರ್ಗ್ತಿತ್ತ್ ಅಂತ ನಂಗೂ ಮರ್ತ್ ಹೋತ್."