ನರಸೀಪುರದ ಸೂಜಿ

ಸ್ಪಿರಿಟ್ ವಾಸನೆ, ಇಲ್ಲೂ ಅದೇ, ನಂಜನಗೂಡಿನಲ್ಲೂ ಅದೇ, ಡಾಕ್ಟರು ಬೇರೆಯಾದರೂ ಸೂಜಿ ಒಂದೇ ತಾನೆ, ಭುಜದೊಳಕ್ಕೆ ಹೋದ ಮೇಲೆ ಅದು ಯಾವ ಊರಿನದೆಂದು ಯಾರಿಗೆ ಗೊತ್ತು — ಆ ನಂಜನಗೂಡಿನ ಡಾಕ್ಟರು ಭುಜದ ನೋವಿಗೆ ಮೂರು ಸೂಜಿ ಹಾಕಿ ನಿಲ್ಲಿಸಿಬಿಟ್ಟರು, ಈ ವರ್ಷಕ್ಕೆ ಸಾಕು ಕೆಂಪಾಜಮ್ಮ, ಮೇಲಿಂದ ಮೇಲೆ ಹಾಕಿದ್ರೆ ಒಳಗಿನ ನರ ಸವೆದ ಹಗ್ಗ ಆಗುತ್ತೆ, ಭಾರ ಎತ್ತೋದು ಬಿಡಿ, ಬಿಟ್ಟರೆ ಶಾಲೆಯಲ್ಲಿ ಬಿಸಿಯೂಟದ ಅನ್ನದ ಪಾತ್ರೆ ಒಲೆಯಿಂದ ಇಳಿಸಲು ಇವರು ಬರುತ್ತಾರಾ, ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವಳು, ಬೆಳಿಗ್ಗೆ ಕವಲಂದೆಯಲ್ಲಿ ಬಸ್ಸು ಹತ್ತಿ ನಂಜನಗೂಡಿನಲ್ಲಿ ಇಳಿದು, ಅವರ ಕ್ಲಿನಿಕ್ಕಿನ ಮುಂದೆ ಸೆರಗು ಹೊದ್ದು ಸರಸರ ನಡೆದು ನರಸೀಪುರದ ಬಸ್ಸು ಹಿಡಿದೆ, ಹಳೇ ಚೀಟಿ ಮನೆಯಲ್ಲೇ ಭದ್ರ. ಮೊದಲು ಎಲ್ಲಾದ್ರೂ ಹಾಕಿಸಿಕೊಂಡಿದ್ದೀರಾ ಅಮ್ಮ, ಅಂದರು ಇಲ್ಲಿನ ಡಾಕ್ಟರು, ಇಲ್ಲ ಸಾ, ಇದೇ ಮೊದ್ಲು — ಎಷ್ಟು ಸಲೀಸಾಗಿ ಬಂತು ನೋಡು ಸುಳ್ಳು, ಬರಲೇಬೇಕು, ಗಂಡ ಹೋದ ಮೇಲೆ ನನ್ನದು ಅಂತ ಇರುವುದು ಇದೊಂದು ಕೆಲಸ, ಹೆಡ್ಮಾಸ್ಟರು ಮೊನ್ನೆ ಮೆಲ್ಲಗೆ ಅಂದರು, ಕೈ ಆಗ್ದಿದ್ರೆ ಹೇಳಮ್ಮ, ಗೋವಿಂದಮ್ಮ ಈ ಕೆಲ್ಸ ಕೇಳ್ತಾವ್ಳೆ, ಕೇಳಲಿ, ಒಂದು ಸೂಜಿ ಬಿದ್ದರೆ ಸೋಮವಾರ ನಾನೇ ಇಳಿಸುತ್ತೇನೆ. ನೋವು ಹೇಗೂ ಅರ್ಧಕ್ಕಿಳಿದಿದೆ, ಮೊನ್ನೆ ಪಾತ್ರೆ ಎತ್ತುವಾಗ ಭುಜದೊಳಗೆ ಟಪ್ ಅಂದಿತಲ್ಲ, ಆಗಿನಿಂದ, ಏನೋ ತಪ್ಪಿದ್ದು ತನ್ನ ಜಾಗಕ್ಕೆ ಕೂತಿರಬೇಕು, ಕೈ ಮೇಲೇಳುತ್ತಿಲ್ಲ ಅಷ್ಟೇ, ಅದು ಬರೀ ಹಿಡಿದುಕೊಂಡಿರುವುದು, ಸೂಜಿಗೆ ಸಡಿಲವಾಗುತ್ತದೆ.

ಡಾಕ್ಟರು ನನ್ನ ಬಲಗೈಯನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿ ಹಿಡಿದಿದ್ದಾರೆ, ಈಗ ನಾನು ಬಿಡ್ತೀನಿ, ನೀವು ನಿಧಾನಕ್ಕೆ ಇಳಿಸಿ, ಇಷ್ಟೇನಾ, ಇನ್ನೂರು ಮಕ್ಕಳ ಅನ್ನ ಇಳಿಸುವವಳಿಗೆ ತನ್ನ ಕೈ ಇಳಿಸುವುದೂ ಒಂದು ಪರೀಕ್ಷೆಯೇ, ಬಿಟ್ಟರು — ತೊಡೆಯ ಮೇಲೆ ದೊಪ್ಪೆಂದು ಬಿತ್ತು, ನಾನಿನ್ನೂ ಇಳಿಸಿಯೇ ಇರಲಿಲ್ಲ, ಗ್ಯಾನ ಇರ್ನಿಲ್ಲ ಸಾ, ಇನ್ನೊಂದ್ಸಲ ಎತ್ತಿ, ಎತ್ತಿದರು, ಹಲ್ಲು ಕಚ್ಚಿ ಹಿಡಿ ಹಿಡಿ ಎಂದು ಕೈಗೆ ಹೇಳುತ್ತಿದ್ದೇನೆ, ಬಿಟ್ಟರು, ಬಿತ್ತು, ಡಾಕ್ಟರು ಸಿರಿಂಜನ್ನು ಟ್ರೇಗೆ ವಾಪಸ್ ಇಟ್ಟರು, ನಿಜ ಹೇಳಿ ಅಮ್ಮ, ಈ ಭುಜಕ್ಕೆ ಎಷ್ಟು ಸೂಜಿ ಹಾಕಿಸಿದ್ದೀರಿ, ನರ ಪೂರ್ತಿ ಕಿತ್ತುಹೋಗಿದೆ, ಅಂದರು, ಹಾಗಾದರೆ ಮೊನ್ನೆ ಟಪ್ ಅಂದದ್ದು ಜಾಗಕ್ಕೆ ಕೂತದ್ದಲ್ಲ, ಕಿತ್ತದ್ದು, ಈಗ ಭಯವಾಗುತ್ತಿದೆ ನನಗೆ, ನೋವಾದರೂ ಆಗಬಾರದೇ, ನಾನೇ ಎಡಗೈಯಲ್ಲಿ ಬಲಗೈಯನ್ನು ಎತ್ತಿ ಬಿಡುತ್ತೇನೆ, ಬಿತ್ತು, ಎತ್ತಿ ಬಿಡುತ್ತೇನೆ, ಬಿತ್ತು, ತೊಡೆಯ ಮೇಲೆ, ಅಂಗೈ ಮೇಲಾಗಿ, ಬಿದ್ದ ಕಡೆಯೇ —