ಗುರುವಾರದ ಬಿಡುಗಡೆ

ಅಣ್ಣನ ಕಂಪನಿ ಇದ್ದದ್ದು ಟೈಲ್ಸ್ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ. ಕೆಳಗೆ ಟೈಲ್ಸ್ ಕೊಯ್ಯುವ ಯಂತ್ರ ಕಿರುಚತೊಡಗಿದರೆ ಮೇಲೆ ಫೋನಿನಲ್ಲಿದ್ದವರು ಮಾತು ನಿಲ್ಲಿಸಿ ಕಾಯುತ್ತಿದ್ದರು. ಅದು ಸುಮ್ಮನಾದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಕನ್ನಡಕದ ಅಂಗಡಿಗಳಿಗೆ ಬೇಕಾದ ತಂತ್ರಾಂಶ ಮಾಡುವುದು ಅವರ ಕಸುಬು. ಗಿರಾಕಿಯ ಕಣ್ಣಿನ ಅಳತೆಯನ್ನು ಅಂಗಡಿಯವರು ಅದರಲ್ಲಿ ತುಂಬಿದರೆ ಅದು ನೇರವಾಗಿ ಮಸೂರ ಉಜ್ಜುವ ಕಾರ್ಖಾನೆಗೆ ಹೋಗುತ್ತಿತ್ತು, ಅಲ್ಲಿಂದ ಗಾಜು ತಯಾರಾಗಿ ಬರುತ್ತಿತ್ತು.

ತಂಗಿ ಅಲ್ಲಿಗೆ ಬಂದದ್ದು ತಾನಿದ್ದ ಕಂಪನಿ ಬಾಗಿಲು ಹಾಕಿದ ಮೇಲೆ. ಬೇರೆ ಕೆಲಸ ಸಿಗುವವರೆಗೆ ಇಲ್ಲಿರು ಎಂದು ಅಣ್ಣನೇ ಕರೆದಿದ್ದ. ಮೊದಲ ಗುರುವಾರವೇ ಅವಳಿಗೆ ಅಲ್ಲಿನ ರೀತಿ ತಿಳಿಯಿತು. ವಾರವಿಡೀ ಬರೆದ ಬದಲಾವಣೆಗಳೆಲ್ಲ ಗುರುವಾರ ಮಧ್ಯಾಹ್ನ ಅತ್ತಿಗೆಯ ಮುಂದೆ ಬರುತ್ತಿದ್ದವು. ಉಳಿದ ದಿನ ಅಂಗಡಿಯವರ ದೂರು ಕೇಳುತ್ತಿದ್ದ ಅತ್ತಿಗೆ ಅವತ್ತು ಫೋನನ್ನು ಬೋರಲು ಹಾಕಿ, ತಾನೇ ಅಂಗಡಿಯವಳೆಂಬಂತೆ ಕೂತು, ಇಲ್ಲದ ಗಿರಾಕಿಗಳ ಕಣ್ಣಿನ ಅಳತೆ ತುಂಬುತ್ತಿದ್ದಳು. ಅವರಿಗೆಲ್ಲ ಹೆಸರಿಟ್ಟುಕೊಂಡಿದ್ದಳು. ಎರಡೂ ಕಣ್ಣಿಗೆ ಭಾರೀ ಮೈನಸ್ ಇರುವವನು ಸಿಡುಕಜ್ಜ. ಒಂದು ಕಣ್ಣಿಗೆ ಮೈನಸ್, ಇನ್ನೊಂದಕ್ಕೆ ಪ್ಲಸ್ ಇರುವವಳು ಎರಡುಬಗೆ ಅತ್ತೆ. ಹೋದ ಜನ್ಮದಲ್ಲಿ ಗೂಬೆಯಾಗಿದ್ದಿರಬೇಕು ಎಂಬಂಥ ಅಳತೆಯ ಭಾವನೊಬ್ಬ ಇದ್ದ. ಎಲ್ಲರ ಕಣ್ಣೂ ಕಾರ್ಖಾನೆಯವರಿಗೆ ಕಾಣುವ ಪುಟದಲ್ಲಿ ಇದ್ದ ಹಾಗೇ ಬರಬೇಕು. ಎಲ್ಲಾದರೂ ತಪ್ಪಿದರೆ ಅತ್ತಿಗೆ ಅದನ್ನು ಬರೆದ ಪ್ರೋಗ್ರಾಮರನ್ನು ಕರೆದು ತೋರಿಸುತ್ತಿದ್ದಳು. ಅವನು ಬಗ್ಗಿ ನೋಡಿ, "ನನ್ನಲ್ಲಿ ಸರಿಯಾಗೇ ಇದೆ" ಅನ್ನುತ್ತಿದ್ದ. ಆಫೀಸಿನಲ್ಲಿ ಅವನನ್ನು ಕರೆಯುತ್ತಿದ್ದದ್ದೇ 'ನನ್ನಲ್ಲಿಸರಿ' ಎಂದು. ಅವನು ತಿದ್ದಿ ತಂದ ಮೇಲೆ ಅತ್ತಿಗೆ ಮತ್ತೆ ಸಿಡುಕಜ್ಜನಿಂದ ಶುರುಮಾಡುತ್ತಿದ್ದಳು.

ಕೊನೆಗೆ ಅವಳು "ಆಯ್ತು" ಅನ್ನುತ್ತಿದ್ದಳು. ಆಗ ಅಣ್ಣ ತನ್ನ ಮೇಜಿನಲ್ಲಿ ಕೂತು ಹೊಸ ಆವೃತ್ತಿಯ ಕಡತಗಳನ್ನು ಒಂದೊಂದಾಗಿ ಕೈಯಾರೆ, ಅಂಗಡಿಗಳೆಲ್ಲ ಬಳಸುವ ಸರ್ವರ್ ಕಂಪ್ಯೂಟರಿಗೆ ಹಾಕುತ್ತಿದ್ದ. ಅದಕ್ಕೆ ಅವರು ಬಿಡುಗಡೆ ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ಅವನನ್ನು ಮಾತಾಡಿಸುವ ಹಾಗಿರಲಿಲ್ಲ.

ಇದನ್ನೆಲ್ಲ ಯಂತ್ರದಿಂದ ಮಾಡಿಸುವುದೇ ತಂಗಿಯ ಹಿಂದಿನ ಕೆಲಸವಾಗಿತ್ತು. ಯಾವ್ಯಾವುದೋ ದೇಶದವರು ಬರೆದು, ಒಳಗಿನದನ್ನೆಲ್ಲ ತೆರೆದಿಟ್ಟು, ಬೇಕಾದವರು ಪುಕ್ಕಟೆ ಬಳಸಿ ಎಂದು ಬಿಟ್ಟ ತಂತ್ರಾಂಶ ಸಾಧನಗಳು ಅವಳಿಗೆ ಚೆನ್ನಾಗಿ ಗೊತ್ತಿದ್ದವು. ಒಂದು ಸಾಧನ ಮನುಷ್ಯರ ಹಾಗೆ ಪುಟ ತೆರೆದು, ಅಂಕೆ ತುಂಬಿ, ಗುಂಡಿ ಒತ್ತುತ್ತದೆ. ಇನ್ನೊಂದು, ಯಾರಾದರೂ ಒಂದು ಸಾಲು ಬದಲಿಸಿದ ಕೂಡಲೇ ಪರೀಕ್ಷೆಗಳನ್ನೆಲ್ಲ ಓಡಿಸುತ್ತದೆ. ಎಲ್ಲ ಪಾಸಾದರೆ ಹಸಿರು ತೋರಿಸಿ ತಾನೇ ಸರ್ವರ್‌ಗೆ ಹಾಕುತ್ತದೆ, ಒಂದು ಫೇಲಾದರೂ ಕೆಂಪು ತೋರಿಸಿ ಅಲ್ಲೇ ತಡೆಯುತ್ತದೆ. ಅವಳು ಇದನ್ನು ಹೇಳಿದಾಗ ಅಣ್ಣ ಎರಡು ತಕರಾರು ತೆಗೆದ. ಪುಕ್ಕಟೆ ಕೊಟ್ಟದ್ದು ಕೈಕೊಟ್ಟರೆ ಯಾರನ್ನು ಹಿಡಿದು ಕೇಳುವುದು ಎಂಬುದು ಒಂದು. ದುಡ್ಡು ಕೊಟ್ಟು ತಂದದ್ದು ಕೈಕೊಟ್ಟಾಗ ನೀನು ಯಾರನ್ನು ಹಿಡಿದು ಕೇಳಿದೆ ಎಂದು ತಂಗಿ ಕೇಳಿದಳು. ಎರಡನೆಯದನ್ನು ಅಣ್ಣ ದನಿ ತಗ್ಗಿಸಿ ಹೇಳಿದ.

"ನಿನ್ನ ಅತ್ತಿಗೆಗೆ ಬೇಜಾರಾಗತ್ತೆ. ಅವಳ ಕೈಯಿಂದ ಕಿತ್ಕೊಂಡ ಹಾಗಾಗತ್ತೆ ನೋಡು."

ಈ ಅಳುಕು ತಂಗಿಗೂ ಇತ್ತು. ಆದ್ದರಿಂದ ಅವಳು ಒಮ್ಮೆಲೇ ಯಂತ್ರ ತರಲು ಹೊರಡದೆ, ಅತ್ತಿಗೆಯ ಪಕ್ಕ ಕುರ್ಚಿ ಹಾಕಿಕೊಂಡು, ನೀವು ಹೇಗೆ ನೋಡುತ್ತೀರಿ ಹೇಳಿಕೊಡಿ ಎಂದು ಕೇಳಿ ಶುರುಮಾಡಿದಳು. ಅತ್ತಿಗೆ ಮುಖ ಊದಿಸಿಕೊಳ್ಳಲಿಲ್ಲ. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. ಸಂಜೆ ಎಲ್ಲರೂ ಎದ್ದರೂ, ಇನ್ನೊಂದಿದೆ ಬರ್ಕೋ ಎಂದು ಕೂರಿಸಿಕೊಳ್ಳುತ್ತಿದ್ದಳು. ಊಟದ ಡಬ್ಬಿ ತೊಳೆಯುತ್ತಿದ್ದವಳು ನೆನಪಾಗಿ ಒದ್ದೆ ಕೈಯಲ್ಲೇ ಬಂದು, ಅಳತೆ ತುಂಬುವಾಗ ನಡುವೆ ಕರೆಂಟು ಹೋದರೆ ಏನಾಗಬೇಕು ಎಂದು ವಿವರಿಸಿದ್ದೂ ಉಂಟು. ನೋವನ್ನು ನುಂಗಿಕೊಂಡು ಹೀಗೆ ಮಾಡುತ್ತಿದ್ದಾಳೆ ಎಂದು ತಂಗಿ ಅಂದುಕೊಂಡಳು.

ಒಂದು ದಿನ ಎಲ್ಲ ಒಂದು ಹದಕ್ಕೆ ಬಂತು. ತಂಗಿ ಓಡಿಸಿದಳು, ಪರದೆಯ ಮೇಲೆ ಪುಟ ತಾನಾಗಿ ತೆರೆದುಕೊಂಡಿತು. ಸಿಡುಕಜ್ಜನ ಕಣ್ಣು ತಾನಾಗಿ ತುಂಬಿತು, ಗುಂಡಿ ತಾನಾಗಿ ಒತ್ತಿಕೊಂಡಿತು, ಕಾರ್ಖಾನೆಯ ಪುಟದಲ್ಲಿ ಮೈನಸ್ಸು ಸರಿಯಾಗಿ ಬಂತು. ಆಮೇಲೆ ಎರಡುಬಗೆ ಅತ್ತೆ, ಗೂಬೆ ಭಾವ. ಅತ್ತಿಗೆಗೆ ಅರ್ಧ ದಿನ ಹಿಡಿಯುತ್ತಿದ್ದದ್ದು ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿಯಿತು. ಅತ್ತಿಗೆ ಕೈ ಮಡಿಲಲ್ಲಿಟ್ಟುಕೊಂಡು ನೋಡಿದಳು.

"ಹಾಗಾದ್ರೆ ಇನ್ನು ನಾನು ಬೇಡ" ಎಂದಳು.

ತಂಗಿ ಗಾಬರಿಯಾಗಿ, ಹಾಗೇನಿಲ್ಲ, ಯಂತ್ರ ಎಷ್ಟೆಂದರೂ ಯಂತ್ರ, ನಿಮ್ಮ ಕಣ್ಣಿಗೆ ಬೀಳುವುದು ಅದಕ್ಕೆ ಬೀಳುತ್ತದೆಯೇ ಎಂದೆಲ್ಲ ಸಾಂತ್ವನ ಹೇಳತೊಡಗಿದಳು. ಕೆಳಗಿನ ಟೈಲ್ಸ್ ಯಂತ್ರ ಶುರುವಾಯಿತು. ಅದು ನಿಲ್ಲುವವರೆಗೆ ಅತ್ತಿಗೆ ಕಾದಳು.

"ಸಮಾಧಾನ ಮಾಡ್ಬೇಡ ಕಣೇ. ಬೇಡ ಅಂತ ಹೇಳು. ನಾನು ಕೇಳ್ತಿರೋದು ಅದನ್ನೇ."

ಆಮೇಲೆ ವಿಷಯ ಹೊರಬಂತು. ಕಣ್ಣು ಪರೀಕ್ಷೆ ಮಾಡುವ ಕೋರ್ಸಿಗೆ ಅತ್ತಿಗೆಗೆ ಸೀಟು ಸಿಕ್ಕಿತ್ತು, ಅದೂ ಎರಡನೇ ಸಲ. ವರ್ಷಗಟ್ಟಲೆ ಫೋನಿನಲ್ಲಿ ಅಂಗಡಿಯವರೊಡನೆ ಮಾತಾಡಿ ಮಾತಾಡಿ, ಅಂಕೆಗಳನ್ನಷ್ಟೇ ನೋಡಿದ್ದವಳಿಗೆ ಆ ಅಂಕೆಗಳ ಹಿಂದಿರುವ ಕಣ್ಣನ್ನು ನೋಡಬೇಕು ಎನ್ನಿಸಿತ್ತು. ಮೊದಲ ಸಲ ಗಂಡನಿಗೆ ಹೇಳಿದಾಗ, ಈ ಬಿಡುಗಡೆ ಒಂದು ಆಗಲಿ ಎಂದಿದ್ದ. ಅದು ಮುಗಿಯುವಷ್ಟರಲ್ಲಿ ಮುಂದಿನದು ಬಂದಿತ್ತು.

"ಪ್ರತಿ ಗುರುವಾರ ಬಿಡುಗಡೆ ಆಗ್ತಿದ್ದದ್ದು ತಂತ್ರಾಂಶಕ್ಕೆ" ಎಂದು ಅತ್ತಿಗೆ ನಕ್ಕಳು. "ನನಗಲ್ಲ."

ಅಣ್ಣನಿಗೆ ಅತ್ತಿಗೆಯೇ ಹೇಳಿದಳು. ಅವನು ಬೇಡ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಆಫೀಸಿನಲ್ಲಿ ಹಸಿರು ಬಿದ್ದ ಆವೃತ್ತಿಯನ್ನು ಲ್ಯಾಪ್‌ಟಾಪಿನಲ್ಲಿ ಮನೆಗೆ ಹೊತ್ತು ತಂದು, ಊಟವಾದ ಮೇಲೆ ಮೇಜಿನ ಮೇಲಿಟ್ಟು, ಒಂದ್ಸಲ ಕಣ್ಣಾಡಿಸು ಎನ್ನತೊಡಗಿದ. ಅತ್ತಿಗೆ ಕೆಲವು ವಾರ ಕಣ್ಣಾಡಿಸಿದಳು. ಒಂದು ದಿನ, ಹಸಿರಿದೆಯಲ್ಲ, ಮತ್ತೇನು ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮರುದಿನ ಅಣ್ಣ ತಂಗಿಯ ಮೇಜಿನ ಹತ್ತಿರ ಬಂದು, ಈ ಯಂತ್ರದ ಮೇಲೆ ನಿನಗೆ ನಂಬಿಕೆ ಇದೆಯಾ ಎಂದು ಕೇಳಿದ. ಇದೆ ಎಂದಳು. ಅವನು ತನ್ನ ಮೇಜಿಗೆ ಮರಳಿದ. ನಂಬಿಕೆ ಇಲ್ಲ ಎನ್ನುವ ಉತ್ತರ ಅವನಿಗೆ ಬೇಕಿತ್ತು ಎಂದು ಅವಳಿಗೆ ಹೊಳೆದದ್ದು ಆಮೇಲೆ.

ಆದರೆ ಒಂದು ಕೊರತೆ ಇದ್ದದ್ದು ನಿಜ. ನೆಟ್‌ವರ್ಕ್ ನಿಧಾನವಾದ ದಿನ ಪುಟ ತೆರೆಯುವ ಮೊದಲೇ ಒಂದು ಪರೀಕ್ಷೆ ಕಾಯುವುದನ್ನು ಬಿಟ್ಟು ಫೇಲ್ ಎಂದುಬಿಡುತ್ತಿತ್ತು. ತಪ್ಪಿಲ್ಲದೆಯೂ ಕೆಂಪು ಬೀಳುತ್ತಿತ್ತು. ಮತ್ತೆ ಓಡಿಸಿದರೆ ಹಸಿರು. ತಿದ್ದಬೇಕು, ತಿದ್ದಬೇಕು ಎಂದುಕೊಳ್ಳುತ್ತಲೇ ತಂಗಿ ಅದನ್ನು ಮುಂದೂಡಿದ್ದಳು. ಕೆಂಪು ಬಿದ್ದರೆ ಆಫೀಸಿನಲ್ಲಿ ಯಾರೂ ತಲೆ ಎತ್ತಿ ನೋಡದಂತಾಗಿತ್ತು.

ಅತ್ತಿಗೆಯ ತರಗತಿ ಶುರುವಾದ ವಾರವೇ ದೊಡ್ಡ ಗಿರಾಕಿಯೊಬ್ಬರು ಒಂದು ಬದಲಾವಣೆ ಕೇಳಿದರು. ಅವರ ಹಲವು ಅಂಗಡಿಗಳಲ್ಲಿ ಹುಡುಗಿಯರು ಆತುರದಲ್ಲಿ ಮೈನಸ್ ಒತ್ತಲು ಮರೆಯುತ್ತಾರೆ. ಅದಕ್ಕೇ ಚಿಹ್ನೆಗೊಂದು ಪೆಟ್ಟಿಗೆ, ಅಂಕೆಗೊಂದು ಪೆಟ್ಟಿಗೆ ಬೇರೆಬೇರೆ ಇಡಿ ಎಂದರು. ನನ್ನಲ್ಲಿಸರಿ ಮಾಡಿ ಮುಗಿಸಿದ. ಕೆಂಪು ಬಿತ್ತು. ಮತ್ತೆ ಓಡಿಸಿದರು, ಮತ್ತೆ ಕೆಂಪು. ಅವತ್ತು ತಂಗಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಅರ್ಧ ಬಾಯಿ ಮರಗಟ್ಟಿಸಿಕೊಂಡು ಮಲಗಿದ್ದಳು. ಆ ದೊಡ್ಡ ಗಿರಾಕಿ ಫೋನಿನಲ್ಲಿ ಅವಸರ ಮಾಡುತ್ತಿದ್ದರು. ನನ್ನಲ್ಲಿಸರಿ ತನ್ನ ಕಂಪ್ಯೂಟರ್ ನೋಡಿ, ಎಂದಿನ ಮಾತನ್ನೇ ಹೇಳಿದ. ಅಣ್ಣ ಕೆಂಪನ್ನು ದಾಟಿ, ಹಳೆಯ ರೀತಿಯಲ್ಲಿ ಕಡತಗಳನ್ನು ಕೈಯಾರೆ ಸರ್ವರ್‌ಗೆ ಹಾಕಿದ. ಎಷ್ಟೋ ದಿನಗಳ ಮೇಲೆ ಆ ಕೆಲಸ ಮಾಡಿದ್ದು ಅವನಿಗೆ ಹಿತವಾಗಿಯೇ ಇತ್ತಂತೆ.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಮೇಸ್ತ್ರಿ ಫೋನ್ ಮಾಡಿದ.

"ಸಾರ್, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಿನ್ನೆಯಿಂದ ಊರಲ್ಲಿ ಯಾರಿಗೂ ಮೈನಸ್ ಇಲ್ವಾ? ಬಂದಿರೋ ಆರ್ಡರೆಲ್ಲ ಪ್ಲಸ್ಸೇ. ಉಜ್ತಾ ಇದೀವಿ. ಉಜ್ಜೋದಾ, ನಿಲ್ಸೋದಾ?"

ಚಿಹ್ನೆಯನ್ನೂ ಅಂಕೆಯನ್ನೂ ಜೋಡಿಸಿ ಕಳಿಸುವ ಒಂದು ಸಾಲು ಕಾರ್ಖಾನೆಗೆ ಹೋಗುವ ಭಾಗದಲ್ಲಿ ಬಿಟ್ಟುಹೋಗಿತ್ತು. ಅಂಗಡಿಯ ಪರದೆಯಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ಕಾರ್ಖಾನೆಗೆ ಹೋಗುವಾಗ ಮಾತ್ರ ಮೈನಸ್ ಉದುರಿಹೋಗುತ್ತಿತ್ತು. ತಂಗಿ ಊದಿದ ಕೆನ್ನೆಯಲ್ಲೇ ಕೂತು ಹಿಂದಿನ ಆವೃತ್ತಿಯನ್ನು ಆರಿಸಿ ಗುಂಡಿ ಒತ್ತಿದಳು. ಯಂತ್ರ ಅದನ್ನು ಪರೀಕ್ಷಿಸಿ, ಹಸಿರು ತೋರಿಸಿ, ಸರ್ವರ್‌ಗೆ ಹಾಕಿತು. ತಂತ್ರಾಂಶದ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಆದರೆ ಉಜ್ಜಿದ ಗಾಜನ್ನು ಹಿಂದಕ್ಕೆ ಉಜ್ಜಲು ಬರುವುದಿಲ್ಲ.

ಅಣ್ಣ ಅತ್ತಿಗೆಗೆ ಫೋನ್ ಮಾಡಿದ. ಅವಳು ತರಗತಿಯಲ್ಲಿದ್ದಳು. ಮತ್ತೆ ಮಾಡಿದ, ಮತ್ತೆ ಮಾಡಿದ. ಬಿಡುವಿನಲ್ಲಿ ಅವಳೇ ತಿರುಗಿ ಮಾಡಿದಾಗ ಅವನು ನಡೆದದ್ದನ್ನು ಹೇಳಿ, ಇವತ್ತೊಂದು ದಿನ ಬಂದುಬಿಡು ಎಂದ. ತಪ್ಪು ಗಾಜು ಯಾರ ಮೂಗಿನ ಮೇಲಾದರೂ ಕೂತಿದೆಯಾ ಎಂದು ಅವಳು ಕೇಳಿದಳು. ಗೊತ್ತಿಲ್ಲ ಎಂದ. ಅದೇ ದಿನ ಕನ್ನಡಕ ಕೊಡುವ ಅಂಗಡಿಗಳು ಯಾವುವು ಎಂಬುದನ್ನು ತಾನೇ ಹೇಳಿ, ಅಲ್ಲಿಂದ ಶುರುಮಾಡಿ ಎಂದಳು. "ನನಗೆ ಕ್ಲಾಸಿಗೆ ಹೊತ್ತಾಯ್ತು" ಎಂದು ಇಟ್ಟುಬಿಟ್ಟಳು.

ಅಣ್ಣ ಅವಳ ಖಾಲಿ ಕುರ್ಚಿಯಲ್ಲಿ ಕೂತು ಒಂದೊಂದೇ ಅಂಗಡಿಗೆ ಫೋನ್ ಹಚ್ಚಿದ. ಅಂಗಡಿಯವರ ದನಿಯನ್ನು ಅವನು ನೇರವಾಗಿ ಕೇಳಿ ಎಷ್ಟೋ ಕಾಲವಾಗಿತ್ತು. ಕೆಲವರು ಬೈದರು. ಹೆಚ್ಚಿನವರು, ಫೋನೆತ್ತುತ್ತಿದ್ದ ಅಕ್ಕ ಎಲ್ಲಿ ಎಂದು ಕೇಳಿದರು. ಅಕ್ಕ ಓದಲು ಹೋಗಿದ್ದಾಳೆ ಎಂದ. ಹೋದದ್ದು ಒಳ್ಳೆಯದಾಯಿತು ಎಂದು ಒಬ್ಬಾಕೆ ಹೇಳಿದ್ದಕ್ಕೆ ಹೌದು ಎಂದ. ಒಂದೇ ಒಂದು ಜೋಡಿ ಕನ್ನಡಕ ಮಾತ್ರ ಅಂಗಡಿ ದಾಟಿ ಹೋಗಿತ್ತು. ಅದನ್ನು ಹಾಕಿಕೊಂಡ ಬಸ್ ಕಂಡಕ್ಟರೊಬ್ಬ ಮೆಟ್ಟಿಲು ಎಡವಿ, ಇದು ನನ್ನದಲ್ಲ ಎಂದು ಅಂಗಡಿಗೆ ಮರಳಿ ತಂದಿದ್ದ. ಪೆಟ್ಟಾಗಿರಲಿಲ್ಲ. ಅಣ್ಣ ಅವನ ಜೊತೆಗೂ ಮಾತಾಡಿ ಕ್ಷಮೆ ಕೇಳಿದ. ಹೊಸ ಗಾಜಿನ ಖರ್ಚನ್ನೆಲ್ಲ ಕಂಪನಿಯೇ ಹೊತ್ತಿತು.

ಸಂಜೆ ಉಳಿದವರೆಲ್ಲ ಹೋದ ಮೇಲೆ ಅಣ್ಣ ತಂಗಿಯ ಎದುರು ಬಂದು ಕೂತ. ಅವನು ರೇಗುತ್ತಾನೆ ಎಂದುಕೊಂಡಿದ್ದ ಅವಳು, ಆ ಸುಳ್ಳು ಕೆಂಪನ್ನು ತಿದ್ದದೆ ಬಿಟ್ಟದ್ದು ತನ್ನ ತಪ್ಪು ಎಂದು ತಾನೇ ಮೊದಲು ಹೇಳಿದಳು. ಅವನು ಅಲ್ಲ ಎಂದು ತಲೆಯಾಡಿಸಿದ.

"ಅದು ಸುಳ್ಳು ಕೆಂಪಲ್ಲ ಅಂತ ನನಗೆ ಗೊತ್ತಿತ್ತು" ಎಂದ. "ಕೆಂಪಿನ ಕೆಳಗೆ ಸಿಡುಕಜ್ಜನ ಹೆಸರು ಬರೆದಿತ್ತು. ಮೈನಸ್ ಇಲ್ಲ ಅಂತನೂ ಬರೆದಿತ್ತು. ಓದಿದೆ. ಅವಳು ಇದ್ದಿದ್ರೆ ಅವಳನ್ನ ಕೇಳ್ತಿದ್ದೆ. ಇಲ್ವಲ್ಲ ಅಂತ ಸಿಟ್ಟು ಬಂತು. ಆ ಸಿಟ್ಟಲ್ಲೇ ಹಾಕ್ದೆ."

ಇದನ್ನು ಅತ್ತಿಗೆಗೆ ಹೇಳು ಎಂದಳು ತಂಗಿ. ಹೇಳುತ್ತೇನೆ ಎಂದ. ಹೇಳಿದನೋ ಇಲ್ಲವೋ ಅವಳು ಕೇಳಲು ಹೋಗಲಿಲ್ಲ.

ಮುಂದಿನ ವಾರ ಅವಳು ಆ ನಿಧಾನದ ಪರೀಕ್ಷೆಯನ್ನು ಸರಿಮಾಡಿದಳು. ಹುಡುಕುತ್ತ ಹೋದಾಗ ಅರ್ಧ ದೋಷ ಆ ಪುಕ್ಕಟೆ ಸಾಧನದ್ದೇ ಎಂದು ಗೊತ್ತಾಗಿ, ಅದನ್ನು ನೋಡಿಕೊಳ್ಳುವವರಿಗೆ ಬರೆದು ಹಾಕಿದಳು. ಯಾರೋ ಮುಖ ಕಾಣದವರೊಬ್ಬರು ಎರಡು ಪ್ರಶ್ನೆ ಕೇಳಿ, ತಿದ್ದಿ ಕಳಿಸಿದರು. ಅಣ್ಣ ಅದನ್ನು ಓದಿ, ಇವರಿಗೆ ಇದರಿಂದ ಏನು ಸಿಗುತ್ತದೆ ಎಂದು ಕೇಳಿದ. ತನಗೂ ಗೊತ್ತಿಲ್ಲ ಎಂದಳು. ಸರ್ವರ್‌ಗೆ ಕೈಯಾರೆ ಹಾಕುವ ದಾರಿಯನ್ನು ಮುಚ್ಚಿಬಿಡು ಎಂದು ಅವನೇ ಹೇಳಿದ. ನಿನಗೂ ಸೇರಿಸಿಯಾ ಎಂದು ಕೇಳಿದ್ದಕ್ಕೆ, ನನಗೇ ಮೊದಲು ಎಂದ. ಆಮೇಲೆ ಬದಲಾವಣೆಗಳು ದಿನಕ್ಕೊಂದೊಂದು ಎಂಬಂತೆ ಸದ್ದಿಲ್ಲದೆ ಹೋಗತೊಡಗಿದವು. ಗುರುವಾರ ಮಧ್ಯಾಹ್ನ ಏನು ಮಾಡುವುದೆಂದು ತಿಳಿಯದೆ ನನ್ನಲ್ಲಿಸರಿ ಕೆಲವು ದಿನ ಕಿಟಕಿ ಹತ್ತಿರ ನಿಂತಿರುತ್ತಿದ್ದ.

ಎಲ್ಲವೂ ನೆಟ್ಟಗಾಯಿತು ಎಂದಲ್ಲ. ಆ ದೊಡ್ಡ ಗಿರಾಕಿ ವರ್ಷ ತುಂಬುವುದರೊಳಗೆ ಬೇರೆ ಕಂಪನಿಗೆ ಹೋದರು. ಅಮ್ಮ ಮಗಳಿಗೆ ಫೋನ್ ಮಾಡಿ, ಸರಿಯಾಗಿದ್ದ ಸಂಸಾರದಲ್ಲಿ ನೀನು ಕೈಹಾಕಬಾರದಿತ್ತು ಎಂದು ದೂರಿದಳು. ಅತ್ತಿಗೆ ವಾರವೆಲ್ಲ ಕಾಲೇಜಿನ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಮನೆಗೆ ಬರುವುದು ಅಮ್ಮನಿಗೆ ಸರಿಬರಲಿಲ್ಲ. ತಂಗಿಗೆ ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕಿತ್ತು.

ಹೊಸ ಕೆಲಸಕ್ಕೆ ಸೇರುವ ಮುಂಚಿನ ಭಾನುವಾರ ಅವಳು ಅಣ್ಣನ ಮನೆಗೆ ಹೋದಳು. ಅತ್ತಿಗೆಗೆ ಮರುದಿನ ಪರೀಕ್ಷೆ. ಊಟದ ಮೇಜಿನ ತುಂಬ ಕಣ್ಣುಗುಡ್ಡೆಯ ಚಿತ್ರಗಳು ಹರಡಿದ್ದವು. ಅಣ್ಣ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದ. ನರಗಳ ಹೆಸರುಗಳನ್ನು ಎಡವಟ್ಟಾಗಿ ಓದುತ್ತಿದ್ದ. ಅತ್ತಿಗೆ ಮೊದಲು ಅವನ ಉಚ್ಚಾರ ತಿದ್ದಿ, ಆಮೇಲೆ ಉತ್ತರ ಹೇಳುತ್ತಿದ್ದಳು. ಒಂದಕ್ಕೆ ಉತ್ತರ ಬರಲಿಲ್ಲ. ಹೇಳಿಕೊಡಲಾ ಎಂದ ಅಣ್ಣ. ಬೇಡ, ಪುಟ ಮುಚ್ಚಿ, ನೆನಪು ಮಾಡಿಕೊಳ್ಳುತ್ತೇನೆ ಎಂದಳು ಅತ್ತಿಗೆ. ಅವನು ಪುಟದ ಮೇಲೆ ಅಂಗೈ ಮುಚ್ಚಿ ಕಾದ. ಯಾರೂ ಏಳುವ ಹಾಗೆ ಕಾಣದ್ದರಿಂದ ತಂಗಿ ಅಡುಗೆಮನೆಗೆ ಹೋಗಿ ಮೂವರಿಗೂ ಚಹಾಕ್ಕೆ ನೀರಿಟ್ಟಳು.