ಕೊಡಲಿ ಕೈ ಬದಲಿಸಿದಾಗ

ಜೀವ ಉಳಿಸಿದವನ ಮೇಲೆಯೇ, ಬದುಕುಳಿದ ಇಬ್ಬರೂ ಸೇರಿ ಫಿರ್ಯಾದಿ ಕೊಡುವುದನ್ನು ಸಾಬವ್ವ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಜೇವರ್ಗಿ ಠಾಣೆಯ ಬೆಂಚಿನ ಒಂದು ತುದಿಗೆ ಅವಳ ಗಂಡ ಚಂದ್ರಾಮ, ಇನ್ನೊಂದು ತುದಿಗೆ ಅವನ ದೊಡ್ಡಪ್ಪನ ಮಗ ಗುರುನಾಥ. ಇಬ್ಬರ ಬಲಗೈಗೂ ಪ್ಲಾಸ್ಟರು. ನಿನ್ನೆ ಒಬ್ಬರನ್ನೊಬ್ಬರು ಕಡಿದುಹಾಕಲು ಹೊರಟಿದ್ದವರು ಇಂದು ಒಂದು ಚಹಾವನ್ನು ಅರ್ಧರ್ಧ ಮಾಡಿ ಕುಡಿಯುತ್ತಿದ್ದರು. ಎದುರಿಗೆ ನೆಲದ ಮೇಲೆ ಕುರಿಗಾರ ಬೀರಣ್ಣ ಕುಕ್ಕರಗಾಲಲ್ಲಿ ಕುಳಿತಿದ್ದ.

ಬೀರಣ್ಣ ಅಫಜಲಪುರ ಕಡೆಯವನು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಇವರ ಊರು ಕೊಳಕೂರಿಗೆ ಬರುತ್ತಾನೆ. ಹಿಂಡು ಯಾರ ಹೊಲದಲ್ಲಿ ಮಲಗುತ್ತದೋ ಆ ಹೊಲಕ್ಕೆ ಗೊಬ್ಬರ, ಬೀರಣ್ಣನಿಗೆ ಜೋಳ. ಈ ಸಲ ಮೊದಲ ಪಾಳಿ ತನ್ನದೆಂದು ಗುರುನಾಥ, ಅಲ್ಲ ತನ್ನದೆಂದು ಚಂದ್ರಾಮ. ಸಾಬವ್ವ ಬುತ್ತಿ ಹೊತ್ತು ಬದುವಿಗೆ ಬರುವಷ್ಟರಲ್ಲಿ ಮಾತು ಕುರಿ ಹಿಕ್ಕೆಯಿಂದ ಶುರುವಾಗಿ ಸತ್ತ ಅಜ್ಜಂದಿರನ್ನೂ ಎಬ್ಬಿಸಿತ್ತು. "ಹಿಕ್ಕಿಗಿ ಬಡದಾಡೋ ಗಂಡಸರನ್ನ ಇವತ್ತ ನೋಡಿದೆ ಯವ್ವಾ" ಎಂದು ಅವಳು ನಗುತ್ತಿರುವಾಗಲೇ ಗುರುನಾಥ ಬಂಡಿಯಿಂದ ಕೊಡಲಿ ಎಳೆದ.

ಚಂದ್ರಾಮ ಹಿಂದೆ ಸರಿಯಲು ಹೋಗಿ ಹೆಂಟೆ ಎಡವಿ ಬಿದ್ದ. ಕೊಡಲಿ ಮೇಲೆದ್ದಿತು. ಬೀರಣ್ಣ ಹೆಗಲ ಮೇಲಿನ ಕಂಬಳಿಯನ್ನು ಗುರುನಾಥನ ತಲೆಯ ಮೇಲೆ ಬೀಸಿ ಒಗೆದು, ಬಡಿಗೆಯಿಂದ ಮಣಿಕಟ್ಟಿಗೆ ಒಂದು ಹಾಕಿದ. ಕೊಡಲಿ ಬಿತ್ತು.

ಮುಗಿಯಿತು ಎಂದು ಸಾಬವ್ವ ಉಸಿರು ಬಿಡಬೇಕು, ಬಿದ್ದ ಕೊಡಲಿಯನ್ನು ಎತ್ತಿಕೊಂಡವನು ಅವಳ ಗಂಡ! ಕಂಬಳಿಯೊಳಗೆ ಕಣ್ಣು ಕಾಣದೆ ತಡವರಿಸುತ್ತಿದ್ದ ಗುರುನಾಥನ ಮೇಲೆ ನುಗ್ಗಿದ. "ಬ್ಯಾಡ ಚಂದ್ರಾಮ! ಕೆಳಗ ಇಡು!" ಎಂದು ಬೀರಣ್ಣ ಒದರಿದ. ಚಂದ್ರಾಮನ ಕಿವಿಗೆ ಅದು ಹೋಗಲೇ ಇಲ್ಲ. ಅದೇ ಬಡಿಗೆ, ಅದೇ ಹದದಲ್ಲಿ, ಅವನ ಮಣಿಕಟ್ಟಿಗೂ ಬಿತ್ತು.

ಫಿರ್ಯಾದಿಯಲ್ಲಿ ಕೊಡಲಿಯ ಸುಳಿವೇ ಇರಲಿಲ್ಲ. ಬಾಯಿಮಾತಿನ ಜಗಳವಿತ್ತು, ಪರವೂರ ಕುರಿಗಾರ ನಡುವೆ ಬಂದು ಇಬ್ಬರ ಕೈ ಮುರಿದ, ಅಷ್ಟೆ. ಒಬ್ಬ ಬಾಯಿ ಬಿಟ್ಟರೆ ಇನ್ನೊಬ್ಬನೂ ಸಿಕ್ಕಿಬೀಳುತ್ತಾನೆ. ಅದಕ್ಕೇ ಈ ರಾಜಿ. ಮನೆಯಿಂದ ಹೊರಡುವಾಗ ಚಂದ್ರಾಮ ಅವಳಿಗೂ ಪಾಠ ಹೇಳಿಕೊಟ್ಟಿದ್ದ: "ನೀ ಬರೂದ್ರಾಗ ಎಲ್ಲಾ ಮುಗದಿತ್ತು ಅನ್ನು. ತಿಳೀತೇನ ಬೇ?"

ಪಿಎಸ್‌ಐ ಭುವನೇಶ್ವರಿ ಬೀರಣ್ಣನ ಕಡೆ ತಿರುಗಿದರು. "ಮತ್ತೊಬ್ಬರ ಜೀವ ಉಳಸಾಕ ಕೈ ಎತ್ತಬಹುದು. ಕಾನೂನು ಬ್ಯಾಡ ಅನ್ನೂದಿಲ್ಲ. ಆದ್ರ ಎಷ್ಟು ಬೇಕೋ ಅಷ್ಟೇ, ಅಪಾಯ ಇರೋತನಕ ಅಷ್ಟೇ. ಗುರುನಾಥ ಕೊಡ್ಲಿ ಎತ್ತಿದ್ದ ಅಂತಿ. ಖರೇ ಅಂತನ ಇಟ್ಕೋ. ಅದು ಬಿದ್ದ ಮ್ಯಾಲ ಚಂದ್ರಾಮಗ ಯಾಕ ಹೊಡದಿ? ಅದು ಯಾರ ಜೀವ ಉಳಸಾಕ? ಇದಕ್ಕ ಜವಾಬು ಇಲ್ಲಂದ್ರ ನಿನ್ನ ಒಳಗ ಹಾಕಬೇಕಾಗ್ತದ."

ಬೀರಣ್ಣ ಸಾಬವ್ವನ ಮುಖ ನೋಡಿದ.

"ಈ ತಂಗಿ ಇಲ್ಲೇ ಕುಂತಾಳ್ರಿ. ಅಕಿ ಮುಂದ ಏನ ಹೇಳ್ಲಿ? ಹೊಡದದ್ದು ಖರೇ. ಬರಕೋರಿ."

ಸಾಬವ್ವನಿಗೆ ಕುಳಿತಲ್ಲಿಂದ ಯಾರೋ ಎಬ್ಬಿಸಿದಂತಾಯಿತು. ಬೀರಣ್ಣನ ಹೆಂಡತಿ ಅಲ್ಲಿ ಹೊಲದಲ್ಲಿ ಒಬ್ಬಳೇ ಕುರಿ ಕಾಯುತ್ತಿದ್ದಾಳೆ. ಇವನು ಇಲ್ಲಿ ತನ್ನ ಗಂಡನ ಹೆಸರು ಹೇಳಲಾರದೆ ಜೈಲಿಗೆ ಹೊರಟಿದ್ದಾನೆ!

"ನಾ ಹೇಳ್ತೇನ್ರಿ ಮೇಡಮ್ಮೋರೆ. ನಾ ಎಲ್ಲಾ ಕಣ್ಣಾರೆ ನೋಡೇನಿ."

"ಏ ಸಾಬವ್ವ, ಸುಮ್ಮ ಕೂಡ ಬೇ!" ಚಂದ್ರಾಮ ಅರ್ಧ ಎದ್ದ.

"ಮುರದಿದ್ದು ಕೈ ಅಲ್ಲೇನು? ಬಾಯಿ ಮುಚ್ಚಾಕ ಬರ್ತದಲ್ಲ?" ಎಂದರು ಭುವನೇಶ್ವರಿ. ಅವನು ಕುಳಿತ.

ಸಾಬವ್ವ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಗಂಡ ಕೊಡಲಿ ಎತ್ತಿಕೊಂಡ ಮಾತು ಬಂದಾಗ ಮಾತ್ರ ದನಿ ಒಂದಿಷ್ಟು ಇಳಿಯಿತು.

"ಮೊದಲನೇ ಏಟು ನನ್ನ ತಾಳಿ ಉಳಸ್ತು. ಎರಡನೇದು ಇವರ ಮ್ಯಾಲ ಖೂನಿ ಕೇಸ್ ಬೀಳೂದು ತಪ್ಪಸ್ತು. ಇಂಥಾವನ್ನ ಒಳಗ ಹಾಕಿದ್ರ ನಾಳೆ ಯಾರ ಕೈಯಾಗ ಕೊಡ್ಲಿ ಇದ್ರೂ ಒಬ್ಬರೂ ನಡುವ ಬರಂಗಿಲ್ರಿ."

ಭುವನೇಶ್ವರಿ ಬೀರಣ್ಣನನ್ನು ಕೇಳಿದರು: "ನಿನಗೂ ಸಿಟ್ಟು ಬಂದಿರಬೇಕಲ್ಲ? ಇನ್ನೊಂದು ಯಾಕ ಹಾಕಲಿಲ್ಲ?"

"ಕೊಡ್ಲಿ ಮತ್ತ ಕೆಳಗ ಬಿದ್ದಿತ್ತಲ್ರಿ. ಈ ಸಲ ಅದರ ಮ್ಯಾಲ ಕಾಲಿಟ್ಟು ನಿಂತೆ. ಇನ್ನ ಹೊಡಿಯೂದು ಏನಿತ್ತು?"

ಭುವನೇಶ್ವರಿ ಫಿರ್ಯಾದಿಯ ಹಾಳೆಯನ್ನು ಬದಿಗೆ ಸರಿಸಿದರು. ಆಮೇಲೆ ಸಾಬವ್ವನಿಗೆ, "ಇವನದು ತಪ್ಪಿಲ್ಲ ಅಂದ್ರ ಕೊಡ್ಲಿ ಎತ್ತಿದವರ ಹೆಸರು ಬರಿಬೇಕಾಗ್ತದ. ನಿನ್ನ ಗಂಡಂದೂ. ತಿಳದದ ಏನವ್ವ?" ಎಂದರು.

"ತಿಳದ ಹೇಳೇನ್ರಿ."

ಚಂದ್ರಾಮ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಕೊನೆಗೆ ತಪ್ಪಿಸಿದವನು ಅವನೇ. ಪ್ಲಾಸ್ಟರಿನ ಕೈ ತೊಡೆಯ ಮೇಲಿಟ್ಟುಕೊಂಡು, "ಬರಕೋರಿ. ಕೊಡ್ಲಿ ನನ್ನ ಕೈಯಾಗ ಇತ್ತು" ಎಂದ.

ಗುರುನಾಥ ಗಂಟಲು ಸರಿಮಾಡಿಕೊಂಡ. "ಮೊದಲು ನನ್ನ ಕೈಯಾಗ ಇತ್ರಿ."

"ಇದರಾಗೂ ಮೊದಲ ಪಾಳಿ ನಿನಗೇ ಬೇಕೇನು?" ಎಂದರು ಭುವನೇಶ್ವರಿ. ಬಾಗಿಲಲ್ಲಿ ನಿಂತ ಪೇದೆ ನಗು ತಡೆಯಲಾರದೆ ಹೊರಗೆ ಹೋದ.

ಹೋಗಲು ಅಪ್ಪಣೆ ಸಿಕ್ಕ ಬೀರಣ್ಣ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋಗಿ ತಿರುಗಿದ.

"ತಂಗೀ, ಇವತ್ತ ಹಿಂಡು ಯಾರ ಹೊಲದಾಗ ಕೂಡಸ್ಲಿ?"

ಬೆಂಚಿನ ಎರಡು ತುದಿಯವರೂ ತಮ್ಮ ತಮ್ಮ ಪ್ಲಾಸ್ಟರು ನೋಡಿಕೊಂಡರು.

"ನಿನಗ ಬೇಕಾದಲ್ಲಿ ಕೂಡಸು, ಅಣ್ಣಾ" ಎಂದಳು ಸಾಬವ್ವ. "ಇವತ್ತ ಯಾರೂ ಕೇಳಂಗಿಲ್ಲ."